ಲಕ್ಷದ್ವೀಪಗಳಿಗೆ ವಿಮಾನದ ದಾರಿ

ಭಾನುವಾರ ಸಂಜೆ ನಮ್ಮ ವಾಚನಾಲಯದ ದೈನಿಕಗಳನ್ನು ಮಡಿಸಿ ತಾರೀಖಿನಂತೆ ಜೋಡಿಸಿಡುವ ಕೆಲಸ ನನ್ನದು. ಕೆಲವು ವಾರಗಳ ಹಿಂದೆ ಆ ಕೆಲಸದಲ್ಲಿರುವಾಗ ನಮ್ಮ ಹಿರಿಯ ವಾಚಕರಾದ ಮಾಸ್ತರರು ಭೂಪಟದ ಪುಸ್ತಕವನ್ನು ತೆರೆದಿಟ್ಟುಕೊಂಡು ನನ್ನನ್ನು ಕರೆದರು. ಅರಬೀ ಸಮುದ್ರದ ನೀಲಿಯ ನಡುವೆ ಸಾಸಿವೆ ಚೆಲ್ಲಿದಂತೆ ಕಾಣುವ ಕೆಲವು ಚುಕ್ಕೆಗಳ ಮೇಲೆ ಅವರ ಬೆರಳಿತ್ತು.

“ಅಮಿನಿಗೆ ಈಗ ವಿಮಾನ ಉಂಟಂತಲ್ಲ ಮಾರಾಯ್ರೆ? ನನಗೊಂದು ಟಿಕೆಟಿನ ವಿಚಾರ ನೋಡಿ ಹೇಳಿ.”

ಮಾಸ್ತರರು ಮಂಗಳೂರಿನ ಕಡೆಯವರು, ವಯಸ್ಸು ಎಂಬತ್ತು ದಾಟಿದೆ. ಅವರ ತಂದೆಯವರು ಮಂಗಳೂರಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನೌಕರಿಯ ನಿಮಿತ್ತ ಎರಡು ಸಲ ಮಂಜಿಯಲ್ಲಿ, ಅಂದರೆ ಹಾಯಿಯ ಹಡಗಿನಲ್ಲಿ, ಅಮಿನಿ ದ್ವೀಪಕ್ಕೆ ಹೋಗಿಬಂದಿದ್ದರಂತೆ. ಬರುವಾಗ ತಂದಿದ್ದ ತೆಂಗಿನಕಾಯಿ ಬೆಲ್ಲದ ಉಂಡೆಯ ರುಚಿಯನ್ನು ಮಾಸ್ತರರು ಇಂದಿಗೂ ಮರೆತಿಲ್ಲ. ತಂದೆ ನೋಡಿದ ಊರನ್ನು ತಾವೂ ಒಮ್ಮೆ ಕಣ್ಣಿಂದ ನೋಡಬೇಕೆಂಬುದು ಅವರ ಆಸೆ.

ತಿಳಿಯದುದನ್ನು ತಿಳಿದಂತೆ ಹೇಳುವುದು ಗುಮಾಸ್ತನಿಗೆ ಸಲ್ಲದು. “ಎರಡು ವಾರ ಸಮಯ ಕೊಡಿ ಮಾಸ್ತರರೇ, ವಿಚಾರಿಸಿ ಹೇಳುತ್ತೇನೆ” ಎಂದೆ. ಹಾಗೆ ವಿಚಾರಿಸಿ ಬರೆದಿಟ್ಟುಕೊಂಡದ್ದನ್ನು ಉಳಿದ ವಾಚಕ ಬಂಧುಗಳಿಗೂ ಉಪಯೋಗವಾಗಲೆಂದು ಇಲ್ಲಿ ಕೊಡುತ್ತಿದ್ದೇನೆ.

ದ್ವೀಪಗಳ ಪರಿಚಯ

ಹೆಸರಿನಲ್ಲಿ ಲಕ್ಷ ಇದ್ದರೂ ಎಣಿಕೆಗೆ ಸಿಕ್ಕುವ ದ್ವೀಪಗಳು ಮೂವತ್ತಾರು. ಅವುಗಳಲ್ಲಿ ಊರುಗಳಿರುವವು ಹತ್ತು: ಅಗತ್ತಿ, ಅಮಿನಿ, ಆಂದ್ರೋತ್, ಬಿತ್ರ, ಚೆತ್ಲತ್, ಕದಮತ್, ಕಲ್ಪೇನಿ, ಕವರತ್ತಿ, ಕಿಲ್ತಾನ್ ಮತ್ತು ಮಿನಿಕಾಯ್. ಎಲ್ಲ ನೆಲವನ್ನೂ ಕೂಡಿಸಿದರೆ ಸುಮಾರು 32 ಚದರ ಕಿಲೋಮೀಟರ್ ಮಾತ್ರ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಎಲ್ಲಕ್ಕೂ ದೊಡ್ಡದಾದ ಆಂದ್ರೋತ್ ಐದು ಚದರ ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಬಿತ್ರದಲ್ಲಿ ಆ ಜನಗಣತಿಯ ಕಾಲಕ್ಕೆ ಇದ್ದವರು 271 ಮಂದಿ. ನಮ್ಮ ಒಂದು ಚಾಳಿನಲ್ಲಿ ಇದಕ್ಕಿಂತ ಹೆಚ್ಚು ಜನರಿರುತ್ತಾರೆ.

ಈ ದ್ವೀಪಗಳು ಮಣ್ಣು ಬಂಡೆಗಳ ಬೆಟ್ಟಗಳಲ್ಲ. ಹವಳದ ಹುಳುಗಳು ಸಾವಿರಾರು ವರ್ಷ ಕಟ್ಟಿದ ದಿಬ್ಬದ ಮೇಲೆ ಮರಳು ನಿಂತು ಆದ ನೆಲ. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರ. ಬಹುಮಟ್ಟಿಗೆ ಪ್ರತಿಯೊಂದು ದ್ವೀಪದ ಪಶ್ಚಿಮದ ಬದಿಯಲ್ಲಿ ಹವಳದ ದಿಬ್ಬವೊಂದು ಗೋಡೆಯಂತೆ ನಿಂತಿದ್ದು, ಅದರ ಒಳಗೆ ತಿಳಿಯಾದ, ಆಳವಿಲ್ಲದ ನೀರಿನ ಹರವು ಇರುವುದು. ಇದನ್ನು ಲಗೂನ್ ಎನ್ನುತ್ತಾರೆ. ಹೊರಗಿನ ಕಡಲಿನ ಅಲೆ ಆ ದಿಬ್ಬಕ್ಕೆ ಬಡಿದು ಅಲ್ಲಿಯೇ ಒಡೆಯುವುದರಿಂದ ಒಳಗಿನ ಊರು ಉಳಿದುಕೊಂಡಿದೆ. ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ವಿಮಾನದ ವಿಚಾರದಲ್ಲಿ ಇದು ಬೇಕಾಗುವುದು.

ಮಂಗಳೂರಿನ ನಂಟು

ಕನ್ನಡಿಗರಾದ ನಮಗೆ ಈ ದ್ವೀಪಗಳು ಅಪರಿಚಿತವಲ್ಲ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ಐದು ದ್ವೀಪಗಳಿಗೆ ಅಮೀನ್‌ದಿವಿ ಎಂದು ಹೆಸರು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಡಳಿತಕ್ಕೆ ಬೇಸತ್ತ ಅಮಿನಿಯ ಜನರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ಈ ದ್ವೀಪಗಳು ಅವನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಇಂಗ್ಲಿಷರ ಕೈಸೇರಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟವು. ದ್ವೀಪದ ತೆಂಗಿನ ನಾರಿನ ಹುರಿ ಮಂಗಳೂರಿನ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಅಕ್ಕಿ ದ್ವೀಪಗಳಿಗೆ ಹೋಗುತ್ತಿತ್ತು. ಮಾಸ್ತರರ ತಂದೆಯವರು ಅಲ್ಲಿಗೆ ಹೋದದ್ದೂ ಈ ಕಾರಣದಿಂದಲೇ.

1956ನೆಯ ಇಸವಿ ನವೆಂಬರ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿತು. ನಾವು ರಾಜ್ಯೋತ್ಸವವೆಂದು ಆಚರಿಸುವ ದಿನ ಅದೇ. ಅದೇ ದಿನ ಅಮೀನ್‌ದಿವಿ ದ್ವೀಪಗಳು ಮಂಗಳೂರಿನಿಂದ ಬೇರೆಯಾಗಿ, ದಕ್ಷಿಣದ ದ್ವೀಪಗಳೊಡನೆ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. 1964ರಲ್ಲಿ ಆಡಳಿತದ ಕಚೇರಿ ಕೋಳಿಕ್ಕೋಡಿನಿಂದ ಕವರತ್ತಿಗೆ ಹೋಯಿತು. 1973ರ ನವೆಂಬರ 1ರಂದು ಈ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರು ಬಂತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದೂ ಆ ದಿನವೇ. ಹೀಗೆ ಒಂದು ಮನೆಯಲ್ಲಿದ್ದು ಬೇರೆಯಾದ ಇಬ್ಬರಿಗೆ ಹೆಸರಿಟ್ಟ ದಿನ ಮಾತ್ರ ಒಂದೇ ಆಯಿತು.

ಭೂಪಟದ ಅಕ್ಷಾಂಶ ರೇಖಾಂಶಗಳಿಂದ ನಾನು ಲೆಕ್ಕ ಹಾಕಿ ನೋಡಿದೆ. ಅಮಿನಿಯಿಂದ ಕೊಚ್ಚಿಗೆ ಸುಮಾರು 400 ಕಿಲೋಮೀಟರ್; ಮಂಗಳೂರಿಗೆ ಸುಮಾರು 300. ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದ ದ್ವೀಪಗಳಿಗೆ ಸರಕು ಹೋಗುವುದುಂಟು. ಆದರೆ ವಿಮಾನದ ದಾರಿ ದೂರವನ್ನು ಮಾತ್ರ ನೋಡಿ ನಡೆಯುವುದಲ್ಲ.

ಒಂದೇ ಒಂದು ರನ್‌ವೇ

ಮಾಸ್ತರರ ಪ್ರಶ್ನೆಗೆ ನೇರವಾದ ಉತ್ತರ ಇದು: ಅಮಿನಿಗೆ ವಿಮಾನವಿಲ್ಲ. ಲಕ್ಷದ್ವೀಪದಲ್ಲಿ ಪ್ರಯಾಣಿಕರ ವಿಮಾನ ಇಳಿಯುವ ಸ್ಥಳ ಒಂದೇ, ಅದು ಅಗತ್ತಿ. ರಾಜಧಾನಿ ಕವರತ್ತಿಯಲ್ಲಿಯೂ ರನ್‌ವೇ ಇಲ್ಲ. ಅಗತ್ತಿಯ ನಿಲ್ದಾಣ 1988ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಮೊದಲು ಬಂದದ್ದು ಹತ್ತೊಂಬತ್ತು ಜನರು ಕೂಡುವ ಡಾರ್ನಿಯರ್ ಎಂಬ ಚಿಕ್ಕ ವಿಮಾನ. ತರುವಾಯ ಏ.ಟಿ.ಆರ್. ಎಂಬ ಎರಡು ಪಂಖಗಳ ವಿಮಾನ ಬರತೊಡಗಿತು.

ಅಗತ್ತಿ ಉತ್ತರ ದಕ್ಷಿಣವಾಗಿ ಚಾಚಿದ, ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ದ್ವೀಪ. ಅತ್ಯಂತ ಅಗಲವಿರುವಲ್ಲಿಯೂ ಒಂದು ಕಿಲೋಮೀಟರಿನಷ್ಟೇ. ದಕ್ಷಿಣಕ್ಕೆ ಹೋದಂತೆ ಅದು ಬಾಲದಂತೆ ಕಿರಿದಾಗುವುದು. ಆ ಬಾಲದ ಮೇಲೆಯೇ ರನ್‌ವೇ ಇದೆ. ಬಲಕ್ಕೂ ಎಡಕ್ಕೂ ನೀರು, ಮುಂದೆಯೂ ನೀರು. ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದವನಿಗೆ ಕೊನೆಯ ಗಳಿಗೆಯವರೆಗೂ ನೀರಿನ ಮೇಲೆಯೇ ಇಳಿಯುತ್ತಿದ್ದೇವೆಂದು ತೋರಿ ಎದೆ ಝಲ್ಲೆನ್ನುವುದಂತೆ.

ಆ ರನ್‌ವೇಯ ಉದ್ದ ಸುಮಾರು 1200 ಮೀಟರ್, ಅಂದರೆ ನಾಲ್ಕು ಸಾವಿರ ಅಡಿ. ಮುಂಬಯಿಯ ಮುಖ್ಯ ರನ್‌ವೇ ಹೆಚ್ಚುಕಡಿಮೆ ಮೂರೂವರೆ ಕಿಲೋಮೀಟರ್. ಬೆಂಗಳೂರಿನದು ನಾಲ್ಕು ಕಿಲೋಮೀಟರ್. ಅಗತ್ತಿಯ ಎಲ್ಲ ವಿಚಾರಗಳೂ ಈ ನಾಲ್ಕು ಸಾವಿರ ಅಡಿಗೆ ಬಂದು ನಿಲ್ಲುತ್ತವೆ. ಆಸನ ಸಿಗುವುದೋ ಇಲ್ಲವೋ, ಪೆಟ್ಟಿಗೆ ಬರುವುದೋ ಇಲ್ಲವೋ, ರೋಗಿ ಸಮಯಕ್ಕೆ ಆಸ್ಪತ್ರೆ ಸೇರುವನೋ ಇಲ್ಲವೋ, ಎಲ್ಲಕ್ಕೂ ಅದೇ ಅಳತೆಗೋಲು.

ತೂಕದ ಲೆಕ್ಕ

ಇದು ಹೇಗೆಂಬುದನ್ನು ತಿಳಿಯಲು ದೊಡ್ಡ ಶಾಸ್ತ್ರಜ್ಞಾನ ಬೇಕಿಲ್ಲ. ಗಿರಣಿಯಲ್ಲಿ ನನ್ನ ಕೆಲಸ ತೂಕದ ಪುಸ್ತಕ ಬರೆಯುವುದು. ಹತ್ತಿಯ ಬೇಲುಗಳನ್ನು ಹೇರಿಕೊಂಡು ಲಾರಿ ಬಂದರೆ ಕಾಟಾದ ಮೇಲೆ ನಿಲ್ಲಿಸಿ ತೂಗುತ್ತೇವೆ, ಬರಿದಾದ ಮೇಲೆ ಮತ್ತೆ ತೂಗುತ್ತೇವೆ. ಇಂತಿಷ್ಟಕ್ಕಿಂತ ಹೆಚ್ಚು ಹೇರಬಾರದೆಂದು ಲಾರಿಗೆ ಕಟ್ಟಳೆಯುಂಟು. ಆದರೆ ಲಾರಿಯ ಹೇರು ಸ್ವಲ್ಪ ಹೆಚ್ಚಾದರೆ ಅದು ಮೆಲ್ಲಗೆ ಹೋಗಬಹುದು, ಘಾಟಿನಲ್ಲಿ ಏದುಸಿರು ಬಿಡಬಹುದು. ವಿಮಾನಕ್ಕೆ ಮೆಲ್ಲಗೆ ಹೋಗುವ ಸವಲತ್ತಿಲ್ಲ.

ವಿಮಾನವನ್ನು ಮೇಲೆತ್ತುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಸಾಕಷ್ಟು ವೇಗ ಬಂದಲ್ಲದೆ ಆ ಗಾಳಿ ಎತ್ತಲಾರದು. ಭಾರ ಹೆಚ್ಚಿದಷ್ಟೂ ಏಳಲು ಬೇಕಾದ ವೇಗ ಹೆಚ್ಚು. ಆ ವೇಗ ಕೂಡಿಸಿಕೊಳ್ಳಲು ಓಡಬೇಕಾದ ದೂರವೂ ಹೆಚ್ಚು. ಬಿಸಿಲು ಏರಿದರೆ ಗಾಳಿ ತೆಳ್ಳಗಾಗುತ್ತದೆ, ಆಗ ಇನ್ನಷ್ಟು ದೂರ ಬೇಕು. ಎದುರುಗಾಳಿ ಬೀಸಿದರೆ ಕಡಿಮೆ ದೂರ ಸಾಕು. ಬಸ್ಸಿನಲ್ಲಿ ಹೋಗುವವನಿಗೆ ಎದುರುಗಾಳಿ ಶತ್ರುವಾದರೆ ಏಳುವ ವಿಮಾನಕ್ಕೆ ಅದು ಮಿತ್ರ.

ಇದಲ್ಲದೆ ಇನ್ನೊಂದು ಎಚ್ಚರಿಕೆಯಿದೆ. ಓಡುತ್ತಿರುವಾಗ ಎರಡು ಯಂತ್ರಗಳಲ್ಲಿ ಒಂದು ಕೆಟ್ಟುಹೋದರೆ ಏನು ಗತಿ? ಅದಕ್ಕಾಗಿ ಪ್ರತಿ ಸಲವೂ ಹೊರಡುವ ಮೊದಲೇ ಒಂದು ವೇಗವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದಕ್ಕಿಂತ ಮುಂಚೆ ಕೆಟ್ಟರೆ ಉಳಿದ ರನ್‌ವೇಯೊಳಗೆ ವಿಮಾನ ನಿಲ್ಲಬೇಕು. ಅದನ್ನು ದಾಟಿದ ಮೇಲೆ ಕೆಟ್ಟರೆ ಉಳಿದ ಒಂದೇ ಯಂತ್ರದ ಬಲದಿಂದ ಏಳಬೇಕು. ಎರಡಕ್ಕೂ ಸಾಲುವಷ್ಟು ನೆಲ ಇದೆಯೇ ಎಂಬುದೇ ಲೆಕ್ಕ. ಮಳೆಯಿಂದ ನೆಲ ಒದ್ದೆಯಾಗಿದ್ದರೆ ಬ್ರೇಕು ಹಿಡಿಯುವುದು ನಿಧಾನ, ಆದುದರಿಂದ ಲೆಕ್ಕ ಮತ್ತಷ್ಟು ಬಿಗಿಯಾಗುತ್ತದೆ.

ಎಪ್ಪತ್ತು ಎಪ್ಪತ್ತೆಂಟು ಆಸನಗಳ ಏ.ಟಿ.ಆರ್. 72 ವಿಮಾನವು ಪೂರ್ಣ ಭಾರ ಹೊತ್ತು ಏಳಬೇಕಾದರೆ ಸಮುದ್ರಮಟ್ಟದಲ್ಲಿ, ಹಿತವಾದ ಹವೆಯಲ್ಲಿ, ಸುಮಾರು 1300 ಮೀಟರ್ ಬೇಕು. ಅಗತ್ತಿಯಲ್ಲಿ ಇರುವುದು 1200. ಆದುದರಿಂದ ಭಾರವನ್ನು ಇಳಿಸಲೇಬೇಕು. ಯಾವ ಭಾರವನ್ನು ಇಳಿಸುವುದು? ವಿಮಾನದ ಮೈಭಾರ ಕಡಿಮೆಯಾಗದು. ಎಣ್ಣೆಯಲ್ಲಿಯೂ ಹೆಚ್ಚು ಉಳಿತಾಯ ಮಾಡಲಾಗದು. ಏಕೆಂದರೆ ಅಗತ್ತಿಗೆ ಹೊರಟ ವಿಮಾನಕ್ಕೆ ಅಲ್ಲಿ ಇಳಿಯಲಾಗದಿದ್ದರೆ ಹತ್ತಿರದಲ್ಲಿ ಬೇರೆ ನಿಲ್ದಾಣವಿಲ್ಲ, ದೊಡ್ಡ ನೆಲದವರೆಗೆ ಮರಳಿ ಬರುವಷ್ಟು ಎಣ್ಣೆ ಹೊಟ್ಟೆಯಲ್ಲಿರಬೇಕು. ಉಳಿದದ್ದು ಜನರು ಮತ್ತು ಅವರ ಗಂಟುಮೂಟೆ. ಒಬ್ಬ ಪ್ರಯಾಣಿಕನನ್ನು ಸಾಮಾನುಸಹಿತ ನೂರು ಕಿಲೋ ಎಂದು ಹಿಡಿದರೆ, ಒಂದು ಟನ್ ಇಳಿಸಿದಲ್ಲಿ ಹತ್ತು ಆಸನಗಳು ಖಾಲಿ ಹೋಗಬೇಕಾಗುವುದು.

“ಆಸನ ಖಾಲಿಯಿದ್ದರೂ ಟಿಕೆಟು ಇಲ್ಲವೆನ್ನುತ್ತಾರೆ” ಎಂದು ದೂರುವವರಿಗೆ ಇದೇ ಉತ್ತರ. ಆ ಖಾಲಿ ಆಸನವು ಯಾರ ಸೋಮಾರಿತನವೂ ಅಲ್ಲ. ಅದು ಇಲ್ಲದ ನೂರು ಮೀಟರ್ ನೆಲದ ಬೆಲೆ.

ಹಾಗಾದರೆ ರನ್‌ವೇಯನ್ನು ಉದ್ದ ಮಾಡಬಾರದೇಕೆ ಎಂದು ಮಾಸ್ತರರೂ ಕೇಳಿದರು. ಉದ್ದಗೊಳಿಸುವ ಯೋಜನೆಗಳು ಬಹುಕಾಲದಿಂದ ಇವೆ. ಆದರೆ ದ್ವೀಪ ಮುಗಿದಲ್ಲಿಂದ ಮುಂದೆ ಹೋಗಬೇಕಾದರೆ ಹವಳದ ದಿಬ್ಬದ ಮೇಲೆ, ಲಗೂನಿನ ನೀರಿನಲ್ಲಿ ಕಟ್ಟಬೇಕು. ಆ ದಿಬ್ಬ ದ್ವೀಪದ ಕೋಟೆಗೋಡೆಯೆಂದು ಮೊದಲೇ ಹೇಳಿದೆನಷ್ಟೆ. ಕೋಟೆಯ ಕಲ್ಲು ಕಿತ್ತು ಬಾಗಿಲು ದೊಡ್ಡದು ಮಾಡುವ ಮೊದಲು ಯೋಚಿಸಬೇಕೆಂಬುದು ಬಲ್ಲವರ ಮಾತು. ರೋಗಿಗೆ ಬೇಗ ಆಸ್ಪತ್ರೆ ಬೇಕೆಂಬುದೂ ಅಷ್ಟೇ ನಿಜ. ಎರಡು ಕಡೆಯಲ್ಲಿಯೂ ದ್ವೀಪದವರ ಜೀವದ ಪ್ರಶ್ನೆಯೇ ಇರುವುದರಿಂದ ಇದು ಸುಲಭವಾಗಿ ತೀರುವ ವಿಚಾರವಲ್ಲ.

ಹೋಗುವ ಬಗೆ

ಮೊದಲನೆಯದು ಪರವಾನಗಿ. ಲಕ್ಷದ್ವೀಪ ನಮ್ಮ ದೇಶದ್ದೇ ಆದರೂ ಹೊರಗಿನವರು ಅಲ್ಲಿಗೆ ಹೋಗಲು ಆಡಳಿತದ ಪ್ರವೇಶಪತ್ರ ಬೇಕು. 1967ರ ನಿಯಮಗಳಿಂದ ಬಂದ ಕಟ್ಟಳೆ ಇದು. ಇಷ್ಟು ಚಿಕ್ಕ ನೆಲದಲ್ಲಿ ಇಷ್ಟು ಜನರು ಬಾಳುವಾಗ ಹೊರಗಿನವರು ಲಂಗುಲಗಾಮಿಲ್ಲದೆ ಬಂದು ನೆಲೆಸಿದರೆ ಅವರ ನೀರಿಗೂ ಜಾಗಕ್ಕೂ ಸಂಚಕಾರ ಬರುವುದೆಂಬುದನ್ನು ನಾವು ತಿಳಿಯಬೇಕು. ಪ್ರವೇಶಪತ್ರದಲ್ಲಿ ಯಾವ ದ್ವೀಪವೆಂದು ಬರೆದಿರುವುದೋ ಅಲ್ಲಿಗೆ ಮಾತ್ರ ಹೋಗತಕ್ಕದ್ದು. ವಿಮಾನದ ಟಿಕೆಟು ಕೊಂಡು ಆಮೇಲೆ ಪ್ರವೇಶಪತ್ರಕ್ಕೆ ಓಡಾಡುವುದು ಜಾಣತನವಲ್ಲ. ಪತ್ರ ಕೈಗೆ ಬಂದ ಮೇಲೆಯೇ ಹಣ ಕಟ್ಟುವುದು ಲೇಸು.

ಪ್ರವಾಸಿಗಳಿಗಾಗಿ ಆಡಳಿತವೇ 1982ರಿಂದ ಒಂದು ಸಂಸ್ಥೆಯನ್ನು ನಡೆಸುತ್ತಿದೆ. ಅದನ್ನು ‘ಸ್ಪೋರ್ಟ್ಸ್’ ಎಂದು ಕರೆಯುತ್ತಾರೆ. ಅದರ ಮೂಲಕ ಹೋಗುವವರಿಗೆ ಸಾಮಾನ್ಯವಾಗಿ ಕವರತ್ತಿ, ಕಲ್ಪೇನಿ, ಮಿನಿಕಾಯ್, ಕದಮತ್ ಮತ್ತು ಬಂಗಾರಂ ದ್ವೀಪಗಳನ್ನು ತೋರಿಸುವ ಏರ್ಪಾಡಿದೆ. ಬೇರೆ ದ್ವೀಪಕ್ಕೆ ಹೋಗಬೇಕಾದರೆ ಅಲ್ಲಿಯ ನಿವಾಸಿಯೊಬ್ಬರು ಅತಿಥಿಯ ಹೊಣೆ ಹೊರಬೇಕಾಗುವುದು.

ಎರಡನೆಯದು ದಾರಿ. ಹಳೆಯ ದಾರಿ ಕೊಚ್ಚಿಯದು. ಕೊಚ್ಚಿಯಿಂದ ಅಗತ್ತಿಗೆ ಸುಮಾರು 460 ಕಿಲೋಮೀಟರ್, ಏ.ಟಿ.ಆರ್. ವಿಮಾನಕ್ಕೆ ಒಂದೂವರೆ ಗಂಟೆಯ ಒಳಗಿನ ಪಯಣ. ಹಡಗಿನಲ್ಲಾದರೆ ಕೊಚ್ಚಿಯಿಂದ ದ್ವೀಪಗಳಿಗೆ ಹದಿನಾಲ್ಕರಿಂದ ಹದಿನೆಂಟು ಗಂಟೆ. 2024ರ ಜನವರಿಯಲ್ಲಿ ಪ್ರಧಾನ ಮಂತ್ರಿಗಳು ಲಕ್ಷದ್ವೀಪಕ್ಕೆ ಹೋಗಿಬಂದ ಮೇಲೆ ವಿಚಾರಿಸುವವರ ಸಂಖ್ಯೆ ಒಮ್ಮೆಲೇ ಏರಿತು. ಅದೇ ವರ್ಷ ಬೆಂಗಳೂರಿನಿಂದಲೂ ಗೋವೆಯಿಂದಲೂ ಅಗತ್ತಿಗೆ ವಿಮಾನಗಳು ಹಾರತೊಡಗಿದವು. ಮುಂಬಯಿಯವರಾದ ನಮಗೆ ಗೋವೆ, ಬೆಂಗಳೂರು, ಕೊಚ್ಚಿ ಈ ಮೂರರಲ್ಲಿ ಒಂದು ಕಡೆ ವಿಮಾನ ಬದಲಿಸುವುದು ದಾರಿ. ಪುಣೆ, ಹೈದರಾಬಾದ, ಚೆನ್ನೈಗಳ ಬಂಧುಗಳಿಗೂ ಹಾಗೆಯೇ. ವೇಳಾಪಟ್ಟಿ ಋತುವಿನಿಂದ ಋತುವಿಗೆ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ವಿಮಾನ ಬದಲಿಸುವ ಊರಿಗೆ ಹಿಂದಿನ ದಿನವೇ ಹೋಗಿ ತಂಗುವುದು ಒಳ್ಳೆಯದು. ಇದು ಪ್ರತಿ ಅರ್ಧ ಗಂಟೆಗೆ ಬರುವ ಲೋಕಲ್ ಗಾಡಿಯಲ್ಲ, ತಪ್ಪಿದರೆ ಮುಂದಿನದು ಬೇಗ ಸಿಗದು.

ಮೂರನೆಯದು ಸಾಮಾನು. ಮೇಲಿನ ತೂಕದ ಲೆಕ್ಕ ಓದಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡು ಜೊತೆ ಬಟ್ಟೆ, ಔಷಧ, ಒಂದು ಟೋಪಿ, ಇಷ್ಟರಲ್ಲಿ ಮುಗಿಸಬೇಕು. ಬರುವಾಗ ದಡದಲ್ಲಿ ಬಿದ್ದ ಹವಳದ ಚೂರನ್ನೂ ತರಕೂಡದು, ಅದು ಕಾನೂನಿಗೆ ವಿರುದ್ಧ.

ನಾಲ್ಕನೆಯದು ಕಾಲ. ಮೇ ಮಧ್ಯದಿಂದ ಸೆಪ್ಟೆಂಬರವರೆಗೆ ಮುಂಗಾರಿನ ಕಡಲು ಕೆರಳಿರುತ್ತದೆ. ಅಗತ್ತಿಗೆ ವಿಮಾನ ಬಂದರೂ ಅಲ್ಲಿಂದ ಮುಂದೆ ದೋಣಿಯಲ್ಲಿ ಹೋಗುವುದು ಆಗ ಕಷ್ಟ. ಡಿಸೆಂಬರದಿಂದ ಮಾರ್ಚಿಯವರೆಗಿನ ತಿಂಗಳುಗಳು ಹಿತವಾದವು.

ದ್ವೀಪದಿಂದ ದ್ವೀಪಕ್ಕೆ

ಅಗತ್ತಿಯಲ್ಲಿ ಇಳಿದವನು ಲಕ್ಷದ್ವೀಪದ ಹೊಸ್ತಿಲಲ್ಲಿ ನಿಂತಂತೆ. ಒಳಗಿನ ಕೋಣೆಗಳು ದೂರದೂರ ಇವೆ. ಕವರತ್ತಿಗೆ ಸುಮಾರು 58 ಕಿಲೋಮೀಟರ್, ಅಮಿನಿಗೆ 66, ಕದಮತ್‌ಗೆ 76, ಬಿತ್ರಕ್ಕೆ 83. ಆಂದ್ರೋತ್ ಮತ್ತು ಕಲ್ಪೇನಿ 160ರಿಂದ 180 ಕಿಲೋಮೀಟರ್ ಆಚೆ. ದಕ್ಷಿಣದ ತುದಿಯ ಮಿನಿಕಾಯ್ ಸುಮಾರು 300 ಕಿಲೋಮೀಟರ್. ಮುಂಬಯಿಯಿಂದ ಪುಣೆಗಿಂತ ಎರಡು ಪಾಲು ದೂರ. ಮಧ್ಯದಲ್ಲೆಲ್ಲ ಆಳವಾದ ಕಡಲು.

ಈ ದೂರವನ್ನು ದಾಟಲು ಹಡಗುಗಳಿವೆ, ವೇಗದ ದೋಣಿಗಳಿವೆ. ಆದರೆ ಅನೇಕ ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರಲಾರದು. ಹವಳದ ದಿಬ್ಬದ ಹೊರಗೆ ಲಂಗರು ಹಾಕಿ ನಿಲ್ಲುವುದು. ಅಲ್ಲಿಂದ ಜನರು ಕುಪ್ಪಳಿಸುವ ಅಲೆಯ ಮೇಲೆ ಚಿಕ್ಕ ದೋಣಿಗೆ ಇಳಿಯಬೇಕು. ತರುಣರಿಗೆ ಇದೊಂದು ತಮಾಷೆ. ತುಂಬು ಬಸುರಿಗೆ, ಎದೆನೋವಿನಿಂದ ನರಳುವವನಿಗೆ, ಮಳೆಗಾಲದ ಕತ್ತಲಲ್ಲಿ ಇದು ಏನೆಂಬುದನ್ನು ಊಹಿಸಿಕೊಳ್ಳಬಹುದು.

ಇಲ್ಲಿ ಹೆಲಿಕಾಪ್ಟರಿನ ಮಹತ್ವವಿದೆ. ಅದಕ್ಕೆ ರನ್‌ವೇ ಬೇಡ, ಒಂದು ಚಿಕ್ಕ ಬಯಲು ಸಾಕು. ಪವನ್ ಹಂಸ್ ಎಂಬ ಸರಕಾರಿ ಕಂಪನಿ ಸ್ಥಾಪನೆಯಾದದ್ದು 1985ರಲ್ಲಿ. ಆ ದಶಕದಿಂದಲೇ ಅದರ ಹೆಲಿಕಾಪ್ಟರುಗಳು ಈ ದ್ವೀಪಗಳಿಗೆ ಸೇವೆ ಸಲ್ಲಿಸುತ್ತ ಬಂದಿವೆ. ಗಂಟೆಗೆ 250 ಕಿಲೋಮೀಟರಿನ ವೇಗ ಹಿಡಿದರೆ ಅಗತ್ತಿಯಿಂದ ಕವರತ್ತಿ ಕಾಲು ಗಂಟೆಯ ದಾರಿ. ಅದೇ ಕವರತ್ತಿಯಿಂದ ಮಿನಿಕಾಯ್‌ಗೆ ಒಂದು ಗಂಟೆಗೂ ಮಿಗಿಲು. ಮಳೆಗಾಲದಲ್ಲಿ ಅಗತ್ತಿಗೆ ಬಂದವರನ್ನು ಕವರತ್ತಿಗೆ ಮುಟ್ಟಿಸುವುದೂ ಅದೇ.

ಆದರೆ ಹೆಲಿಕಾಪ್ಟರಿಗೂ ತೂಕದ ಲೆಕ್ಕ ಬಿಟ್ಟಿಲ್ಲ. ಅಲ್ಲಿ ಅದು ಇನ್ನೂ ಬಿಗಿ. ಕೂಡುವವರು ಹತ್ತರ ಸುಮಾರು ಮಂದಿ ಮಾತ್ರ. ಒಬ್ಬ ರೋಗಿಯನ್ನು ಮಲಗಿಸಿಕೊಂಡು ಹೋಗಬೇಕಾದರೆ ಹಲವರ ಜಾಗ ಅದಕ್ಕೇ ಬೇಕಾಗುವುದು. ಕವರತ್ತಿ, ಅಗತ್ತಿ, ಮಿನಿಕಾಯ್‌ಗಳಲ್ಲಿ ಆಸ್ಪತ್ರೆಗಳಿವೆ. ಅಲ್ಲಿಯೂ ಆಗದ ಚಿಕಿತ್ಸೆಗೆ ಕೊಚ್ಚಿಗೆ ಹೋಗಬೇಕು. ಉಳಿದ ದ್ವೀಪಗಳವರಿಗೆ ದೊಡ್ಡ ಕಾಯಿಲೆ ಬಂತೆಂದರೆ ಮೊದಲು ಕೇಳುವ ಪ್ರಶ್ನೆ ‘ವೈದ್ಯರು ಏನೆಂದರು’ ಎಂಬುದರ ಜತೆಗೆ ‘ಹೆಲಿಕಾಪ್ಟರ್ ಎಲ್ಲಿದೆ’ ಎಂಬುದು. ರೋಗಿಗಳನ್ನು ವಾಯುಮಾರ್ಗದಿಂದ ಸಾಗಿಸಲು ಅನುಮತಿ ಕೊಡುವ ಕ್ರಮದ ಬಗ್ಗೆ 2021ರಲ್ಲಿ ವಿವಾದವೆದ್ದು ಅದು ಕೇರಳದ ಹೈಕೋರ್ಟಿನ ಮುಂದೆ ಬಂದಿತ್ತು. ನಾವು ಇಲ್ಲಿ ಟ್ಯಾಕ್ಸಿಗಾಗಿ ರಸ್ತೆಗೆ ಓಡುವಾಗ, ಅಲ್ಲಿಯವರು ಆಕಾಶವನ್ನು ನೋಡುತ್ತಾರೆ. ವ್ಯತ್ಯಾಸ ಇಷ್ಟೇ.

ಆದುದರಿಂದ ಪ್ರವಾಸಿಯು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಕು. ಆ ದ್ವೀಪಗಳಲ್ಲಿ ಆಕಾಶದ ದಾರಿ ಶೋಕಿಗಾಗಿ ಇರುವುದಲ್ಲ. ಹೆಲಿಕಾಪ್ಟರಿನಲ್ಲಿ ಆಸನ ಸಿಕ್ಕಿತೆಂದು ನಂಬಿ ಕುಳಿತವನು ರೋಗಿಯೊಬ್ಬನು ಬಂದರೆ ಇಳಿಯಬೇಕಾಗುವುದು. ಇಳಿಯುವಾಗ ಗೊಣಗಬಾರದು. ಕೈಯಲ್ಲಿ ಎರಡು ದಿನದ ಅವಕಾಶ, ಎರಡು ದಿನದ ಖರ್ಚು ಹೆಚ್ಚಾಗಿಯೇ ಇಟ್ಟುಕೊಂಡಿರಬೇಕು. ರಜೆಯ ಕೊನೆಯ ದಿನಕ್ಕೆ ಮರಳುವ ಟಿಕೆಟು ತೆಗೆಸಿ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವೆನೆಂದು ಹೊರಡುವ ನನ್ನಂತಹ ನೌಕರನಿಗೆ ಈ ದ್ವೀಪಗಳು ತಕ್ಕವಲ್ಲ.

ಮಾಸ್ತರರ ತೀರ್ಮಾನ

ಇಷ್ಟನ್ನೂ ಕಾಗದದ ಮೇಲೆ ಬರೆದು ಮಾಸ್ತರರ ಮುಂದಿಟ್ಟೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಅಮಿನಿಯಲ್ಲಿ ಅವರ ಹೊಣೆ ಹೊರುವ ಪರಿಚಯದವರು ಯಾರೂ ಇಲ್ಲ. ತಂದೆಯವರ ಕಾಲದವರು ಯಾರು ಉಳಿದಾರು? ಅಷ್ಟು ದೂರ ಹೋಗಿ ಅಮಿನಿಯನ್ನು ಕಾಣದೆ ಬರುವುದೇ ಎಂದು ಅವರ ಮುಖ ಸಣ್ಣದಾಯಿತು.

ಆಗ ಭೂಪಟದಲ್ಲಿ ಇನ್ನೊಂದು ಸಂಗತಿ ಕಂಡಿತು. ಪ್ರವಾಸಿಗಳನ್ನು ಕರೆದೊಯ್ಯುವ ಕದಮತ್ ದ್ವೀಪವು ಅಮಿನಿಯಿಂದ ಹತ್ತು ಹನ್ನೆರಡು ಕಿಲೋಮೀಟರಿನಷ್ಟೇ ದೂರ. ದಡದಲ್ಲಿ ನಿಂತವನ ಕಣ್ಣಿಗೆ ಸಮುದ್ರದ ಅಂಚು ಸುಮಾರು ಐದು ಕಿಲೋಮೀಟರಿಗೆ ಮುಗಿಯುತ್ತದೆ. ಆದರೆ ಅಂಚಿನ ಆಚೆಯಿರುವ ಎತ್ತರದ ವಸ್ತುವಿನ ತಲೆ ಕಾಣುವುದು. ಇಪ್ಪತ್ತು ಮೀಟರ್ ಎತ್ತರದ ತೆಂಗಿನ ಮರವಾದರೆ ಇಪ್ಪತ್ತು ಕಿಲೋಮೀಟರವರೆಗೂ ಅದರ ತಲೆ ಕಾಣಬೇಕೆಂದು ಲೆಕ್ಕ. ಹಾಗಾದರೆ ಕದಮತ್‌ನ ದಕ್ಷಿಣದ ತುದಿಯಲ್ಲಿ ನಿಂತರೆ, ಹವೆ ತಿಳಿಯಾಗಿದ್ದರೆ, ಅಮಿನಿಯ ತೆಂಗಿನ ಸಾಲು ಕಾಣಬೇಕು.

ಈ ಲೆಕ್ಕವನ್ನು ಕೇಳಿ ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಪ್ಪ ಮಂಜಿಯಿಂದ ಮೊದಲು ಕಂಡದ್ದೂ ತೆಂಗಿನ ತಲೆಯೇ ಅಂತ ಹೇಳುತ್ತಿದ್ದರು. ಅಷ್ಟು ಕಂಡರೆ ಸಾಕು ಮಾರಾಯ್ರೆ” ಎಂದರು.

“ಹೆಲಿಕಾಪ್ಟರ್ ಸಿಗದಿದ್ದರೆ?” ಎಂದು ಕೇಳಿದೆ.

“ನನಗೆ ಅದು ಬೇಡವೇ ಬೇಡ. ಅಗತ್ತಿವರೆಗೆ ವಿಮಾನ, ಆಮೇಲೆ ದೋಣಿಯೋ ಹಡಗೋ. ನಾನು ಕೂತು ಯಾರದೋ ಜಾಗ ಯಾಕೆ ತುಂಬಿಸಲಿ?”

ಫೆಬ್ರವರಿಯಲ್ಲಿ ಮೊಮ್ಮಗನೊಡನೆ ಹೊರಡುವುದೆಂದು ಗೊತ್ತಾಗಿದೆ. ಪ್ರವೇಶಪತ್ರದ ಅರ್ಜಿಯನ್ನು ತುಂಬಿ ಕೊಟ್ಟಿದ್ದೇನೆ. ಸಾಮಾನಿನ ಪಟ್ಟಿಯನ್ನೂ ಮಾಡಿಕೊಟ್ಟೆ. ಅದರಲ್ಲಿ ಅವರು ಒಂದು ಸಣ್ಣ ಡಬ್ಬಿಯನ್ನು ಸೇರಿಸಿದ್ದಾರೆ, ಉಂಡೆ ತರುವುದಕ್ಕೆ. ಖಾಲಿ ಡಬ್ಬಿಯ ತೂಕ ಇನ್ನೂರು ಗ್ರಾಂ ಮಾತ್ರ; ಅದಕ್ಕೆ ನಾನು ಅಡ್ಡಿ ಹೇಳಲಿಲ್ಲ.

ಭೂಪಟದ ಪುಸ್ತಕವು ವಾಚನಾಲಯದ ಎರಡನೆಯ ಮೇಜಿನ ಮೇಲಿದೆ. ಲಕ್ಷದ್ವೀಪದ ಪುಟದಲ್ಲಿ ಕಾಗದದ ಗುರುತು ಇಟ್ಟಿದ್ದೇನೆ. ಮೇಲೆ ಕೊಟ್ಟ ದೂರಗಳ ಪಟ್ಟಿ ಅದರ ಜತೆಯಲ್ಲಿದೆ. ಅಲ್ಲಿಗೆ ಹೋಗಿಬಂದವರು ಯಾರಾದರೂ ವಾಚಕರಲ್ಲಿದ್ದರೆ ಒಂದು ಭಾನುವಾರ ಸಂಜೆ ಬಂದು ಮಾಸ್ತರರೊಡನೆ ನಾಲ್ಕು ಮಾತನಾಡಬೇಕೆಂದು ವಿನಂತಿ.